ಸಿಬೇಲಿಯಸ್ ಬಗ್ಗೆ ವಿಮರ್ಶಕರಲ್ಲಿ ಇಷ್ಟೊಂದು ಭಿನ್ನಾಭಿಪ್ರಾಯ ಏಕೆ?

ಫಿನ್‌ಲ್ಯಾಂಡಿನ ಈ ಸಂಗೀತ ಸಂಯೋಜಕರನ್ನು ನ್ಯೂಯಾರ್ಕಿನ ಸಂಗೀತ ವಿಮರ್ಶಕ ಓಲಿನ್ ಡೌನ್ಸ್ ತಲೆಮೇಲೆ ಹೊತ್ತು ಮೆರೆಸಿದರು. ಜರ್ಮನ್ ತತ್ತ್ವಜ್ಞಾನಿ ಅಡೋರ್ನೊ 1938ರಲ್ಲಿ ಕಟುವಾಗಿ ಹೀಗಳೆದರು. 1955ರಲ್ಲಿ ಫ್ರಾನ್ಸಿನ ಸಂಯೋಜಕ ಲೈಬೋವಿಟ್ಸ್ ‘ಜಗತ್ತಿನ ಅತಿ ಕೆಟ್ಟ ಸಂಯೋಜಕ’ ಎಂದೇ ಕಿರುಪುಸ್ತಿಕೆ ಬರೆದರು. ಸ್ವರಗುಚ್ಛಗಳು ಬೆಳೆಯದೆ ಬರೀ ಮರುಕಳಿಸುತ್ತವೆ ಎಂಬುದು ಮುಖ್ಯ ತಕರಾರು. ಇದು ಒಪ್ಪುವ ಮಾತಲ್ಲ. 1924ರ ಏಳನೆಯ ಸಿಂಫನಿ (ವಾದ್ಯವೃಂದಕ್ಕಾಗಿ ಬರೆದ ದೊಡ್ಡ ಕೃತಿ) ಕೇಳಿ: ನಡುವೆ ನಿಲುಗಡೆಯಿಲ್ಲದ ಒಂದೇ ಭಾಗ, ಸುಮಾರು 22 ನಿಮಿಷ. ಟ್ರೊಂಬೋನ್ ಎಂಬ ಹಿತ್ತಾಳೆ ಊದುವಾದ್ಯದ ಅದೇ ಧಾಟಿ ಮೂರು ಸಲ ಬರುತ್ತದೆ. ಎರಡನೇ ಸಲ ಸಿ ಮೈನರ್ ಎಂಬ ವಿಷಾದದ ಸ್ವರಶ್ರೇಣಿಗೆ ತಿರುಗಿ ಕಪ್ಪಾಗುತ್ತದೆ, ಸುತ್ತ ತಂತಿವಾದ್ಯಗಳು ಬಿರುಸಾಗಿ ಓಡುತ್ತವೆ. ಬೆಳವಣಿಗೆ ಇರುವುದೇ ಹೀಗೆ ವೇಗ ಬದಲಾಗುವುದರಲ್ಲಿ. ಅವರ ಜನಪ್ರಿಯ ಕೃತಿ ‘ಫಿನ್‌ಲಾಂಡಿಯಾ’ ಒಂದನ್ನೇ ಕೇಳಿ ತೀರ್ಪು ಕೊಟ್ಟರೆ ಇದು ತಪ್ಪಿಹೋಗುತ್ತದೆ. ಈ ಭಿನ್ನಾಭಿಪ್ರಾಯದಲ್ಲಿ ವಾದ್ಯವೃಂದದ ನಿರ್ದೇಶಕರದ್ದೂ ಪಾಲಿದೆ: ಐದನೆಯ ಸಿಂಫನಿಯ ಕೊನೆಯಲ್ಲಿ ವಾದ್ಯವೃಂದ ಒಟ್ಟಾಗಿ ನುಡಿಸುವ ಆರು ಹೊಡೆತಗಳ ನಡುವಿನ ಬಿಡುವನ್ನು ಅವಸರದಲ್ಲಿ ಕುಗ್ಗಿಸಿದರೆ ಕೃತಿ ಪೊಳ್ಳೆನಿಸುತ್ತದೆ.