ಆಯಿಯ ತೊಡೆದೇವಿಗೆ ಪ್ರಶಸ್ತಿ ಬಂತು, ಆಮೇಲೆ?

ನಿಮ್ಮ ಪ್ರಶ್ನೆ ಇದು: "ಅಪ್ಪ ಅಮ್ಮ ಊರಲ್ಲಿ ಸಣ್ಣ ಹಿಡುವಳಿ ಇಟ್ಕೊಂಡು ಜೋನಿ ಬೆಲ್ಲ, ಹಲಸಿನ ಹಪ್ಪಳ ಮಾಡಿ ಮಾರ್ತಾರೆ. ಇಂಥವರಿಗೆ ಸರ್ಕಾರದ ಕೃಷಿ ಪ್ರಶಸ್ತಿ ಸಿಗುತ್ತಾ? ಸಿಕ್ಕರೂ ಬರೀ ಶಾಲು ಹಾರ ಅಷ್ಟೇನಾ?"

ಸಿಗುತ್ತೆ. ಶಾಲು, ಹಾರ, ಒಂದು ಬುಟ್ಟಿ ಹಣ್ಣು ಎಲ್ಲವೂ ಸಿಗುತ್ತೆ. ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳ್ತೇನೆ.

ನಮ್ಮದು ಶಿರಸಿ ಕಡೆಯ ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ, ಆಚೆ ಹತ್ತು ಗುಂಟೆ ಕಬ್ಬು. ಆಲೆಮನೆ ಸುರುವಾಯ್ತು ಅಂದ್ರೆ ಆಯಿ, ಅಂದ್ರೆ ನಮ್ಮಮ್ಮ, ತೊಡೆದೇವು ಮಾಡೋಕೆ ಕೂರುತ್ತಾಳೆ. ತಿನ್ನದವರಿಗೆ ಹೇಳೋದಾದ್ರೆ, ಅದು ಕಾಗದದಷ್ಟು ತೆಳ್ಳಗಿನ ಸಿಹಿ. ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ, ಕಬ್ಬಿನ ಹಾಲು, ಚಿಟಿಕೆ ಉಪ್ಪು, ಅರಿಶಿನ ಹಾಕಿ ನೀರು ಮಜ್ಜಿಗೆ ಹದಕ್ಕೆ ತರಬೇಕು. ಒಲೆ ಮೇಲೆ ಮಡಕೆ ಬೋರಲು ಹಾಕಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ, ಮಡಕೆಯ ಬೆನ್ನಿನ ಮೇಲೆ ಒಂದೇ ಎಳೆತಕ್ಕೆ ತೊಡೆಯಬೇಕು. ಹೆಸರು ಬಂದಿದ್ದೇ ಅದರಿಂದ. ಚುಂಯ್ ಅಂದು ಅಂಚು ಏಳುತ್ತೆ. ತುಪ್ಪ ಸವರಿ, ಸಕ್ಕರೆ ಪುಡಿ ಉದುರಿಸಿ, ಬಿಸಿ ಇರುವಾಗಲೇ ಮಡಚಿಬಿಡಬೇಕು. ಒಂದು ಉಸಿರು ತಡವಾದ್ರೆ ಪುಡಿಪುಡಿ.

ತಾಲೂಕು ಮಟ್ಟದ ಪ್ರಶಸ್ತಿಗೆ ಅರ್ಜಿ ಹಾಕಿದ್ದು ನಾನು. "ಇದ್ಕೆಲ್ಲ ಎಂತಕ್ಕೆ ಅರ್ಜಿ?" ಅಂತ ಆಯಿ ಗೊಣಗಿದ್ದಳು. ಅರ್ಜಿಯಲ್ಲಿ "ಬಳಸುವ ಯಂತ್ರೋಪಕರಣಗಳು" ಅಂತ ಒಂದು ಕಾಲಂ. ಮಡಕೆ ಒಂದು, ಕೋಲು ಒಂದು, ಹಳೇ ಪಂಚೆಯ ತುಂಡು ಒಂದು ಅಂತ ಬರೆದೆ. ಬೇರೇನು ಬರೆಯಲಿ? ಮೊದಲ ಸಲ ಕೊಟ್ಟ ಅರ್ಜಿ ಕಚೇರಿಯಲ್ಲೇ ಕಳೆದುಹೋಯ್ತು. ಮರುವರ್ಷ ಜೆರಾಕ್ಸ್ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬಂದೆ. ನೀವೂ ಹಾಗೇ ಮಾಡಿ.

ಪರಿಶೀಲನೆಗೆ ಸಾಹೇಬರು ಬಂದ ದಿನ ಹೊಸ ಮಡಕೆ. ಹೊಸ ಮಡಕೆ ಪಳಗೋವರೆಗೆ ಅಂಟುತ್ತೆ. ಒಂದು, ಎರಡು, ಐದು, ಎಲ್ಲ ಹರಿದು ಬಂದ್ವು. ನನಗೆ ಬೆವರು. ಆಯಿ ಮಾತ್ರ ಹರಿದದ್ದನ್ನೆಲ್ಲ ತಟ್ಟೆಗೆ ಹಾಕಿ "ತಿನ್ನಿ, ರುಚಿ ಅದೇಯ" ಅಂದಳು. ಏಳನೆಯದು ಸರಿಯಾಗಿ ಎದ್ದಿತು. ಅಷ್ಟರಲ್ಲಿ ಸಾಹೇಬರ ಹೊಟ್ಟೆ ತುಂಬಿತ್ತು.

ಆದ್ರೆ ನಮ್ಮನ್ನು ಗೆಲ್ಲಿಸಿದ್ದು ರುಚಿ ಅಲ್ಲ, ಒಂದು ಕ್ಯಾಲೆಂಡರ್. ಯಾವ ದಿನ ಎಷ್ಟು ಕಟ್ಟು, ಯಾರಿಗೆ, ಎಷ್ಟು ರೂಪಾಯಿ, ಎಲ್ಲವನ್ನೂ ಆಯಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದಳು. ನಾಲ್ಕು ವರ್ಷದ್ದು ಇತ್ತು. ಸಾಹೇಬರು ಒಂದೊಂದೇ ಹಾಳೆ ಮಗುಚಿ ಫೋಟೋ ತೆಗೆದುಕೊಂಡರು. ನಿಮ್ಮಮ್ಮನಿಗೆ ಇವತ್ತೇ ಒಂದು ನೋಟ್‌ಬುಕ್ ಕೊಡಿ. ಪಹಣಿ, ಆಧಾರ್, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಒಂದು ದಿನದ ಕೆಲಸ. ಲೆಕ್ಕದ ಪುಸ್ತಕ ಮಾತ್ರ ಹಿಂದಿನ ದಿನ ಕೂತು ಹುಟ್ಟಿಸೋಕೆ ಬರಲ್ಲ.

ಅರ್ಜಿ ವಿಚಾರಿಸೋಕೆ ಹೋಬಳಿಯ ರೈತ ಸಂಪರ್ಕ ಕೇಂದ್ರ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಸಾಕು. ಧಾರವಾಡ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳೂ ಕೃಷಿ ಮೇಳದಲ್ಲಿ ರೈತರಿಗೂ ರೈತ ಮಹಿಳೆಯರಿಗೂ ಪ್ರಶಸ್ತಿ ಕೊಡ್ತವೆ. ಮೇಳಕ್ಕೆ ಮುಂಚೆಯೇ ಪೇಪರಲ್ಲಿ ಅರ್ಜಿ ಕರೀತಾರೆ, ಕಣ್ಣಿಟ್ಟಿರಿ.

ಇನ್ನು ಉಪಯೋಗದ ಮಾತು. ಪ್ರಶಸ್ತಿ ಪತ್ರದಲ್ಲಿ "ಮೌಲ್ಯವರ್ಧನೆಯಲ್ಲಿ ಗಣನೀಯ ಸಾಧನೆ" ಅಂತಿತ್ತು. ತೊಡೆದೇವು ಅನ್ನೋ ಪದವೇ ಇರಲಿಲ್ಲ! ಆಯಿ ಎರಡು ಸಲ ಓದಿ "ಇದು ಯಾರದ್ದು?" ಅಂತ ಕೇಳಿದಳು. ದುಡ್ಡು ಬಸ್ಸಿಗೂ ಸೀರೆಗೂ ಸರಿಹೋಯ್ತು.

ಸಾಲ, ಸಬ್ಸಿಡಿಗೆ ಪ್ರಶಸ್ತಿ ಬೇಕಂತಿಲ್ಲ. 2020ರಲ್ಲಿ ಬಂದ ಕಿರು ಆಹಾರ ಉದ್ದಿಮೆಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ. 35 ಸಬ್ಸಿಡಿಗೆ ನಮ್ಮ ರಾಜ್ಯ ಶೇ. 15 ಸೇರಿಸಿತು. ಆದ್ರೆ ಅದು ಬ್ಯಾಂಕ್ ಸಾಲದ ಜೊತೆಗೇ ಬರೋದು. ನಾವು ಆ ಗೋಜಿಗೆ ಹೋಗಲಿಲ್ಲ. ತಿನಿಸು ಮಾರುವವರು ಮಾಡಿಸಬೇಕಾದ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ಮಾಡಿಸಿದೆವು. ನಾವು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ. ಅದನ್ನು ಮೊದಲು ಮಾಡಿಸಿ, ಪ್ರಶಸ್ತಿ ಆಮೇಲೆ ನೋಡೋಣ.

ನಿಜವಾಗಿ ಬದಲಾದದ್ದು ರೇಟು. ಅಷ್ಟು ವರ್ಷ ಪೇಟೆ ಅಂಗಡಿಯವರು ಹೇಳಿದ್ದೇ ದರ. ಪೇಪರಲ್ಲಿ ಫೋಟೋ ಬಂದ ವಾರ ಆಯಿ ಮೊದಲ ಸಲ ತಾನೇ ರೇಟು ಹೇಳಿದಳು. ಅವರು ಸುಮ್ನೆ ಒಪ್ಪಿಕೊಂಡರು. ಮುಂದಿನ ಆಲೆಮನೆಗೆ ಅವರೇ ಫೋನ್ ಮಾಡಿ, "ಅಮ್ಮಾ, ಈ ಸಲ 200 ಕಟ್ಟು ಬೇಕಿತ್ತು" ಅಂದರು.

"ಮಡಕೆ ಒಂದೇ ಇಪ್ಪುದು" ಅಂದು ಆಯಿ ಫೋನ್ ಇಟ್ಟಳು.