ವೈ-ಫೈ ಪೆಟ್ಟಿಗೆ ಕೊಳ್ಳುವ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಫೈಬರ್ ಇನ್ನೂ ಬಂದಿಲ್ಲ. ಅಂಗಳದಲ್ಲಿ ನಿಂತರೆ 4ಜಿ ಎರಡು ಕಡ್ಡಿ ತೋರಿಸುತ್ತದೆ, ಒಳಗೆ ಕಾಲಿಟ್ಟರೆ ಅದೂ ಇಲ್ಲ. ಮಗನಿಗೆ ಮನೆಯಿಂದಲೇ ಆಫೀಸ್ ಕೆಲಸ. ಡಾಂಗಲ್ ಸಾಕೇ, ಸಿಮ್ ಹಾಕುವ ರೂಟರ್ ಬೇಕೇ? ಮೊಬೈಲ್ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಹಾಕಿಸಿ ಎಂದೂ ಕೆಲವರು ಹೇಳುತ್ತಾರೆ.

ಉತ್ತರ: ಬೂಸ್ಟರ್ ಬೇಡವೇ ಬೇಡ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಮನೆಯಲ್ಲಿ ಹಾಕುವುದು ಕಾನೂನುಬಾಹಿರ. ಅದು ಹೊರಡಿಸುವ ರೇಡಿಯೊ ಗದ್ದಲ ಟವರ್‌ಗೇ ತಾಗಿ, ಅಕ್ಕಪಕ್ಕದ ಮನೆಗಳ ಕರೆಗಳೂ ಕೆಡುತ್ತವೆ. ಡಾಂಗಲ್ ಕೂಡ ನಿಮಗೆ ಪ್ರಯೋಜನವಿಲ್ಲ. ಒಳಗೆ ಫೋನಿಗೆ ಸಿಗದ ಸಿಗ್ನಲ್ ಅದಕ್ಕೂ ಸಿಗುವುದಿಲ್ಲ.

ಏನನ್ನೂ ಕೊಳ್ಳುವ ಮೊದಲು ಸಿಗ್ನಲ್ ಅಳೆಯಿರಿ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಎಂದು ಹೋದರೆ ‘ಡಿಬಿಎಂ’ ಜೊತೆ ಮೈನಸ್ ಅಂಕಿ ಇರುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಚೆನ್ನಾಗಿದೆ ಎಂದರ್ಥ. 100ರಿಂದ 110ರವರೆಗೆ ಕೆಲಸ ನಡೆಯುತ್ತದೆ. 115 ದಾಟಿದರೆ ವಿಡಿಯೊ ಕರೆ ಕಡಿಯುತ್ತದೆ. ಜಿಯೊ, ಏರ್‌ಟೆಲ್, ಬಿಎಸ್‌ಎನ್‌ಎಲ್ ಮೂರರ ಸಿಮ್ಮನ್ನೂ ಅಂಗಳದಲ್ಲಿ, ಅಟ್ಟದಲ್ಲಿ, ಮನೆಯ ನಾಲ್ಕೂ ಮೂಲೆಯಲ್ಲಿ ಹಿಡಿದು ಅಂಕಿ ಬರೆದಿಟ್ಟುಕೊಳ್ಳಿ. ಫೋನನ್ನು ಹೊಸ ಜಾಗಕ್ಕೆ ಒಯ್ದ ಮೇಲೆ ಒಂದು ನಿಮಿಷ ಕಾಯಿರಿ, ಅಂಕಿ ತಕ್ಷಣ ಬದಲಾಗುವುದಿಲ್ಲ. ಒಂದು ಒಳ್ಳೆಯ ಮಳೆ ಬಿದ್ದ ಮೇಲೆ ಮತ್ತೊಮ್ಮೆ ಅಳೆಯಿರಿ. ನೆನೆದ ಅಡಿಕೆ ಸೋಗೆ, ಮರದ ಎಲೆ ಸಿಗ್ನಲ್ ಹೀರುತ್ತವೆ. ಬೇಸಿಗೆಯ ಅಂಕಿ ನಂಬಿ ಕೊಂಡವರು ಜುಲೈಯಲ್ಲಿ ಪರದಾಡುತ್ತಾರೆ.

ನಿಮಗೆ ಸರಿಹೊಂದುವುದು ಹೊರಗೆ ಕೂರಿಸುವ 4ಜಿ ರೂಟರ್. ಮಳೆ ನೀರು ತಡೆಯುವ ಪೆಟ್ಟಿಗೆ, ‘ಐಪಿ 65’ ಎಂದು ಬರೆದಿರಬೇಕು. ಇದನ್ನು ಮಾಡಿಗಿಂತ ಎತ್ತರದ ಕಂಬಕ್ಕೆ ಬಿಗಿದು, ಒಂದೇ ಲ್ಯಾನ್ ಕೇಬಲ್ಲನ್ನು ಒಳಗೆ ಇಳಿಸಿ. ವಿದ್ಯುತ್ತೂ ಅದೇ ಕೇಬಲ್ಲಿನಲ್ಲಿ ಹೋಗುತ್ತದೆ, ಇದಕ್ಕೆ ‘ಪಿಒಇ’ ಎನ್ನುತ್ತಾರೆ. ಒಳಗೆ ಒಂದು ಸಾದಾ ವೈ-ಫೈ ರೂಟರ್ ಸಾಕು. ರೂಟರ್ ಒಳಗಿಟ್ಟು ಆಂಟೆನಾ ಮಾತ್ರ ಹೊರಗೆ ಹಾಕುವ ಸೆಟ್ಟನ್ನೂ ಅಂಗಡಿಯವರು ತೋರಿಸುತ್ತಾರೆ. ಅದರ ಜೊತೆ ಬರುವ ತೆಳ್ಳನೆಯ ಕಪ್ಪು ಆಂಟೆನಾ ಕೇಬಲ್ 2300 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 1 ಡೆಸಿಬೆಲ್ ತಿಂದುಹಾಕುತ್ತದೆ. 10 ಮೀಟರ್ ಕೇಬಲ್ ಎಳೆದರೆ ಆಂಟೆನಾ ಗಳಿಸಿದ್ದು ದಾರಿಯಲ್ಲೇ ಮುಗಿಯಿತು. ಲ್ಯಾನ್ ಕೇಬಲ್ಲಿಗೆ 100 ಮೀಟರ್‌ವರೆಗೆ ಆ ತೊಂದರೆ ಇಲ್ಲ. ಕ್ಯಾಟ್ 6, ಹೊರಾಂಗಣದ್ದು, ಪೂರ್ತಿ ತಾಮ್ರದ್ದು ಕೇಳಿ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್‌ನಲ್ಲಿ ವೋಲ್ಟೇಜ್ ಕುಸಿದು, ಮೇಲಿನ ಪೆಟ್ಟಿಗೆ ಆಗಾಗ ಆರಿ ಹತ್ತುತ್ತದೆ. ಗೋಡೆಯ ತೂತಿಗೆ ಮುಂಚೆ ಕೇಬಲ್ಲನ್ನು ಸ್ವಲ್ಪ ಕೆಳಗೆ ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಬ್ಯಾಂಡ್ ಪಟ್ಟಿ (ಯಾವ ಯಾವ ಆವರ್ತನಗಳನ್ನು ಹಿಡಿಯುತ್ತದೆ ಎಂಬುದು) ಓದಲೇಬೇಕು. ದೂರದ ಹಳ್ಳಿಗೂ ಗೋಡೆಯೊಳಕ್ಕೂ ಮುಟ್ಟುವುದು ಕಡಿಮೆ ಆವರ್ತನದ ಬ್ಯಾಂಡ್‌ಗಳು: ಜಿಯೊಗೆ ಬ್ಯಾಂಡ್ 5, ಏರ್‌ಟೆಲ್‌ಗೆ 8, ಬಿಎಸ್‌ಎನ್‌ಎಲ್‌ಗೆ 28. ಬೇರೆ ದೇಶಕ್ಕೆಂದು ತಯಾರಾಗಿ ಇಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ರೂಟರ್‌ಗಳಲ್ಲಿ ಇವೇ ಇರುವುದಿಲ್ಲ. ಆಗ ಫೋನಿಗೆ ಬರುವ ಸಿಗ್ನಲ್ ರೂಟರಿಗೆ ಬರುವುದಿಲ್ಲ, ಬಳಸುವವರು ಕಂಪನಿಯನ್ನು ಬೈಯುತ್ತಾರೆ.

ಗುಡುಗು ಶುರುವಾಗುವ ಮುಂಚೆಯೇ ಪಿಒಇ ಅಡಾಪ್ಟರ್ ಪ್ಲಗ್ ಮತ್ತು ಲ್ಯಾನ್ ಕೇಬಲ್ ಎರಡನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಸಿಡಿಲಿನ ವೋಲ್ಟೇಜ್ ಕೇಬಲ್ ಮೂಲಕವೇ ಒಳಗೆ ಬರುತ್ತದೆ. ಕಬ್ಬಿಣದ ಕಂಬಕ್ಕೆ ಅರ್ಥಿಂಗ್ ಮಾಡಿಸಿ.

ಪ್ರಶ್ನೆ: ಮೈಸೂರಿನಲ್ಲಿ ಎರಡಂತಸ್ತಿನ ಮನೆ. 200 ಎಂಬಿಪಿಎಸ್ ಫೈಬರ್ ಇದೆ. ಮಹಡಿಗೆ ವೈ-ಫೈ ಸಿಗ್ನಲ್ಲನ್ನು ಹಿಡಿದು ಮತ್ತೆ ಹರಡುವ ರಿಪೀಟರ್ ಹಾಕಿಸಿದೆವು. ಕಡ್ಡಿ ಪೂರ್ತಿ ಬರುತ್ತದೆ, ವೇಗ ಮಾತ್ರ ಇಲ್ಲ.

ಉತ್ತರ: ಕಡ್ಡಿ ತೋರಿಸುವುದು ಫೋನಿಗೂ ರಿಪೀಟರಿಗೂ ಇರುವ ಸಂಬಂಧವನ್ನು ಮಾತ್ರ. ರಿಪೀಟರಿಗೆ ಕೆಳಗಿನಿಂದ ಬರುತ್ತಿರುವುದೇ ಆರ್‌ಸಿಸಿ ತಾರಸಿ ದಾಟಿ ಬಂದ ಬಡಕಲು ಸಿಗ್ನಲ್. ಒಂದೇ ಬ್ಯಾಂಡಿನಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳಬೇಕಾದ್ದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ.

ಮೆಟ್ಟಿಲ ಪಕ್ಕದಿಂದ ಒಂದು ಕ್ಯಾಟ್ 6 ಕೇಬಲ್ ಮೇಲಕ್ಕೆ ಎಳೆಸಿ, ಕರೆಂಟಿನ ವೈರ್ ಇರುವ ಪೈಪಿನಲ್ಲಿ ಬೇಡ. ಮೇಲೆ ಇನ್ನೊಂದು ರೂಟರ್ ಇಟ್ಟು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ (ಕೇಬಲ್ಲಿನಲ್ಲಿ ಬಂದದ್ದನ್ನು ವೈ-ಫೈ ಆಗಿ ಹರಡುವುದಷ್ಟೇ ಕೆಲಸ) ಹಾಕಿ. ಆ ಮೋಡ್ ಇಲ್ಲದ ಹಳೆಯ ರೂಟರ್ ಇದ್ದರೂ ಆಗುತ್ತದೆ. ಅದರ ಐಪಿ ವಿಳಾಸವನ್ನು ಕೆಳಗಿನದಕ್ಕಿಂತ ಬೇರೆ ಮಾಡಿ (ಕೆಳಗೆ 192.168.1.1 ಇದ್ದರೆ ಮೇಲೆ 192.168.1.2), ಡಿಎಚ್‌ಸಿಪಿ (ಫೋನು, ಟಿವಿಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲ್ಲನ್ನು ಲ್ಯಾನ್ ಪೋರ್ಟಿಗೆ ಚುಚ್ಚಿ. ಹೊರಗಿನ ಇಂಟರ್‌ನೆಟ್ ಬರುವ ವ್ಯಾನ್ ಪೋರ್ಟಿಗೆ ಚುಚ್ಚಿದರೆ ಮನೆಯಲ್ಲಿ ಎರಡು ಬೇರೆ ಬೇರೆ ನೆಟ್‌ವರ್ಕ್ ಹುಟ್ಟಿ, ಮಹಡಿಯ ಫೋನಿಗೆ ಕೆಳಗಿನ ಪ್ರಿಂಟರ್, ಟಿವಿ ಕಾಣಿಸುವುದಿಲ್ಲ. ವೈ-ಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇರಲಿ. 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗೆ ಚಾನೆಲ್ 1, ಮೇಲೆ 6 ಅಥವಾ 11 ಕೊಡಿ.

ಹೊಸದು ಕೊಳ್ಳುವುದಾದರೆ ಪೆಟ್ಟಿಗೆಯ ಮೇಲಿನ ‘ಎಸಿ 1200’ ನೋಡಿ ಮರುಳಾಗಬೇಡಿ, ಅದು ಎರಡು ಬ್ಯಾಂಡುಗಳ ಗರಿಷ್ಠ ವೇಗ ಕೂಡಿಸಿದ ಅಂಕಿ. ಪೋರ್ಟ್ ‘ಗಿಗಾಬಿಟ್’ ಇದೆಯೇ ಎಂದು ಕೇಳಿ. ‘10/100’ ಪೋರ್ಟ್ ಇದ್ದರೆ 200ರ ಪ್ಲಾನಿಗೆ ದುಡ್ಡು ಕಟ್ಟಿಯೂ 95 ದಾಟುವುದಿಲ್ಲ.

ಪ್ರಶ್ನೆ: ಹಳೆಯ 3ಜಿ ಡಾಂಗಲ್ ಮನೆಯಲ್ಲಿದೆ. ಜಿಯೊ ಅಥವಾ ಏರ್‌ಟೆಲ್ ಸಿಮ್ ಹಾಕಿ ಬಳಸಬಹುದೇ? (ಗದಗ)

ಉತ್ತರ: ಆಗುವುದಿಲ್ಲ. ಜಿಯೊಗೆ 3ಜಿ ಇರಲೇ ಇಲ್ಲ, ಏರ್‌ಟೆಲ್ 2020ರಲ್ಲಿ ನಿಲ್ಲಿಸಿತು. ಅದರೊಳಗೆ ಮೆಮೊರಿ ಕಾರ್ಡ್ ಇದ್ದರೆ ತೆಗೆದುಕೊಂಡು, ಡಾಂಗಲನ್ನು ಇ-ತ್ಯಾಜ್ಯಕ್ಕೆ ಕೊಡಿ.

ಪ್ರಶ್ನೆ: ದಾವಣಗೆರೆಯಲ್ಲಿ ಅಂಗಡಿ. ಕರೆಂಟ್ ಹೋದರೆ ಬಿಲ್ಲಿಂಗ್ ನಿಲ್ಲುತ್ತದೆ. ‘4 ಗಂಟೆ ಬ್ಯಾಕಪ್’ ಎಂದು ಕೊಟ್ಟ ರೂಟರ್ ಯುಪಿಎಸ್ ಒಂದೂವರೆ ಗಂಟೆಯೂ ಬರುವುದಿಲ್ಲ.

ಉತ್ತರ: ಲೆಕ್ಕ ಹಾಕೋಣ. ಇಂಥ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ 2000 ಎಂಎಎಚ್‌ನ ಮೂರು ಸೆಲ್ ಇರುತ್ತವೆ. 3.7 ವೋಲ್ಟ್‌ನಂತೆ ಒಟ್ಟು 22 ವಾಟ್-ಅವರ್, ನಷ್ಟ ಕಳೆದರೆ ಕೈಗೆ ಸಿಗುವುದು 18. ಫೈಬರ್ ಮೋಡೆಮ್, ರೂಟರ್ ಬೇರೆ ಬೇರೆ ಇದ್ದರೆ ಎರಡೂ ಸೇರಿ 12 ವಾಟ್ ಎಳೆಯಬಹುದು. ಒಂದೂವರೆ ಗಂಟೆಗೆ ಮುಗಿಯಿತು. 4 ಗಂಟೆ ಬೇಕಿದ್ದರೆ 60 ವಾಟ್-ಅವರ್‌ನದ್ದು ನೋಡಿ. ರೂಟರಿನ ಅಡಾಪ್ಟರ್ ಮೇಲಿನ ವೋಲ್ಟ್ ಯುಪಿಎಸ್‌ನ ವೋಲ್ಟಿಗೆ ಸರಿಯಾಗಿ ಹೊಂದಬೇಕು, ಯುಪಿಎಸ್‌ನ ಆಂಪಿಯರ್ ಹೆಚ್ಚಿದ್ದರೆ ತೊಂದರೆ ಇಲ್ಲ.

ಮೋಡೆಮ್ ಹತ್ತಿದ್ದೂ ‘ಎಲ್‌ಒಎಸ್’ ದೀಪ ಕೆಂಪಗಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಆಫ್-ಆನ್ ಮಾಡಿ ಉಪಯೋಗವಿಲ್ಲ. ಹಳದಿ ಕೇಬಲ್ ಎಲ್ಲಾದರೂ ಮಡಚಿದೆಯೇ, ಹಸಿರು ಪಿನ್ ಸಡಿಲವಾಗಿದೆಯೇ ನೋಡಿ, ಇಲ್ಲವೆಂದರೆ ಆಪರೇಟರಿಗೆ ಫೋನ್ ಮಾಡಿ. ಕಳಚಿದ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ, ಅದರಲ್ಲಿ ಕಣ್ಣಿಗೆ ಕಾಣದ ಲೇಸರ್ ಇರುತ್ತದೆ.

ಪ್ರಶ್ನೆ: ನಾನು ಹುಬ್ಬಳ್ಳಿಯ ಮೆಡಿಕಲ್ ರೆಪ್, ಕಾರವಾರದವರೆಗೆ ಓಡಾಟ. ಫೋನಿನ ಹಾಟ್‌ಸ್ಪಾಟ್ ಸಾಕೇ, ಪಾಕೆಟ್ ಹಾಟ್‌ಸ್ಪಾಟ್ ಬೇಕೇ?

ಉತ್ತರ: ದಿನಕ್ಕೆ ಗಂಟೆ ಎರಡು ಗಂಟೆಯ ಕೆಲಸಕ್ಕೆ ಫೋನೇ ಸಾಕು. ವೈ-ಫೈ ಬದಲು ಯುಎಸ್‌ಬಿ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಇಂಟರ್‌ನೆಟ್ ಕೊಡಿ, ಫೋನ್ ಚಾರ್ಜೂ ಆಗುತ್ತಿರುತ್ತದೆ. ದಿನವಿಡೀ ಬೇಕು ಅಥವಾ ಇನ್ನೊಂದು ಕಂಪನಿಯ ಸಿಮ್ ಜೊತೆಗಿರಲಿ ಎನ್ನುವವರಿಗೆ ಪಾಕೆಟ್ ಹಾಟ್‌ಸ್ಪಾಟ್ ಒಳ್ಳೆಯದು. ಎಲ್ಲ ಸಿಮ್ ಹಿಡಿಯುವ ‘ಅನ್‌ಲಾಕ್ಡ್’ ಮಾದರಿಯನ್ನೇ ಕೊಳ್ಳಿ, ಜಿಯೊಫೈನಲ್ಲಿ ಜಿಯೊ ಸಿಮ್ ಮಾತ್ರ ನಡೆಯುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಡಬೇಡಿ, ಬ್ಯಾಟರಿ ಉಬ್ಬುತ್ತದೆ. ಅರಬೈಲು ಘಟ್ಟದಲ್ಲಿ ಟವರ್ ಸಿಗದ ಕಡೆ ಯಾವ ಸಾಧನವೂ ಕೆಲಸ ಮಾಡುವುದಿಲ್ಲ. ವೈದ್ಯರಿಗೆ ತೋರಿಸಬೇಕಾದ ಫೈಲುಗಳನ್ನು ಯಲ್ಲಾಪುರದಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.