ಬೋಟಿನ ಲಾಗ್ ಪುಸ್ತಕದಲ್ಲಿ ಏನೇನು ಬರೆಯಬೇಕು?

ಹಳೆಯ ಡೀಸೆಲ್ ಬೋಟ್ ಕೊಂಡು ಮಂಜೇಶ್ವರದಿಂದ ಮೀನುಗಾರಿಕೆಗೆ ಇಳಿಸುತ್ತಿದ್ದೇನೆ, ಲಾಗ್ ಪುಸ್ತಕದಲ್ಲಿ ಏನೇನಿರಬೇಕು ಎಂದು ಕೇಳಿದ್ದೀರಿ. ನಾನು ಕಾಸರಗೋಡಿನಲ್ಲಿ ಬೋಟ್‌ಗಳ ಲೆಕ್ಕಪತ್ರ ನೋಡಿಕೊಳ್ಳುವವನು. ಮೀನಿನ ಲೆಕ್ಕ ಹೇಗೂ ಹರಾಜಿನ ಚೀಟಿಯಲ್ಲಿ ಸಿಗುತ್ತದೆ. ನೀವು ಎಂಜಿನ್‌ನಿಂದ ಶುರು ಮಾಡಿ.

ಹೊರಡುವಾಗ ಮತ್ತು ಮರಳಿದಾಗ ಗಂಟೆ ಮೀಟರಿನ ಅಂಕಿ, ತುಂಬಿಸಿದ ಡೀಸೆಲ್, ಆಯಿಲ್ ಮಟ್ಟ, ಬದಲಿಸಿದ ಫಿಲ್ಟರ್ ಇವಿಷ್ಟನ್ನೂ ಬರೆಯಿರಿ. ಖರ್ಚಾದ ಲೀಟರನ್ನು ಓಡಿದ ಗಂಟೆಗಳಿಂದ ಭಾಗಿಸಿ ಪಕ್ಕದಲ್ಲೇ ನಮೂದಿಸಿ. ಗಂಟೆಗೆ 10 ಲೀಟರ್ ಕುಡಿಯುತ್ತಿದ್ದ ಎಂಜಿನ್ ಅದೇ ವೇಗಕ್ಕೆ 12 ಕೇಳತೊಡಗಿದರೆ ತಳದಲ್ಲಿ ಚಿಪ್ಪು ಕಟ್ಟಿರಬಹುದು, ಪ್ರೊಪೆಲ್ಲರ್‌ಗೆ ಬಲೆಯ ಚೂರು ಸುತ್ತಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು. ಅಥವಾ ಡೀಸೆಲ್ ಬೇರೆಲ್ಲೋ ಹೋಗುತ್ತಿರಬಹುದು, ಅದೂ ಇಲ್ಲದ್ದಲ್ಲ! ತಳದಲ್ಲಿ ಸೇರಿದ ನೀರನ್ನು ಎಷ್ಟು ಸಲ ಪಂಪ್ ಮಾಡಿದಿರಿ ಎಂಬುದೂ ಇರಲಿ. ಅದು ಏರುತ್ತಾ ಹೋದರೆ ಮೊದಲು ಶಾಫ್ಟಿನ ಸೀಲ್ ನೋಡಿಸಿ.

ಕಡಲಲ್ಲಿರುವಾಗ ಗಂಟೆಗೊಮ್ಮೆ ಸಮಯ, ಸ್ಥಾನ, ದಿಕ್ಕು, ವೇಗ. ಇಲ್ಲೊಂದು ಎಚ್ಚರಿಕೆ. ಜಿಪಿಎಸ್ ಕೆಲವೊಮ್ಮೆ ಡಿಗ್ರಿ, ನಿಮಿಷ ಎಂದು ತೋರಿಸುತ್ತದೆ, ಕೆಲವೊಮ್ಮೆ ಬರೀ ದಶಮಾಂಶ ಡಿಗ್ರಿ. 12 ಡಿಗ್ರಿ 30.5 ನಿಮಿಷ ಉತ್ತರ ಎಂದಿರುವುದನ್ನು ಅವಸರದಲ್ಲಿ 12.305 ಎಂದು ಗೀಚಿದರೆ ಓದುವವರು ಅದನ್ನು ದಶಮಾಂಶವೆಂದೇ ತಿಳಿಯುತ್ತಾರೆ. ವ್ಯತ್ಯಾಸ ಸುಮಾರು 12 ನಾಟಿಕಲ್ ಮೈಲು, ಅಂದರೆ 22 ಕಿಲೋಮೀಟರ್‌ಗೂ ಹೆಚ್ಚು. ಕಾಸರಗೋಡಿನ ಎದುರು ಕೆಟ್ಟು ನಿಂತ ಬೋಟನ್ನು ಕಾಞಂಗಾಡಿನ ಎದುರು ಹುಡುಕುತ್ತಾರೆ. ಬೋಟಿನ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ಲಿನಲ್ಲೋ ಕರಾವಳಿ ಕಾವಲು ಪಡೆಯ ಫೋನ್ ಸಂಖ್ಯೆ 1554ಕ್ಕೋ ಈ ಅಂಕಿಯನ್ನೇ ಓದಿ ಹೇಳಬೇಕಾಗುತ್ತದೆ. ಹಾಗಾಗಿ ಮೊದಲ ಪುಟದಲ್ಲೇ ಯಾವ ಕ್ರಮವೆಂದು ಬರೆದು, ಕೊನೆಯವರೆಗೂ ಅದನ್ನೇ ಅನುಸರಿಸಿ.

ಸ್ಥಾನದಿಂದ ಇನ್ನೊಂದು ಉಪಯೋಗವುಂಟು. ತಲಪಾಡಿಯಾಚೆ ಕರ್ನಾಟಕ, ಅಲ್ಲಿ ಯಾಂತ್ರೀಕೃತ ಬೋಟ್‌ಗಳಿಗೆ ನಿಷೇಧ ಜೂನ್ 1ರಿಂದ, ಕೇರಳದಲ್ಲಿ ಟ್ರಾಲಿಂಗ್ (ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ. ಎರಡೂ ಜುಲೈ 31ರವರೆಗೆ. ಜೂನ್ 1ರಿಂದ 9ರ ನಡುವಿನ ದಿನಗಳಲ್ಲಿ ಬಲೆ ಬೀಸಿದ್ದೆಲ್ಲಿ ಎಂದು ಯಾರಾದರೂ ಕೇಳಿದರೆ ಬಾಯಿಮಾತು ಸಾಲದು.

ಹವೆಗೆ ಒಂದು ಸಾಲು ಸಾಕು: ಗಾಳಿ, ಅಲೆ, ಮಳೆ. ಗಾಳಿಯಿಲ್ಲದೆಯೂ ದೂರದಿಂದ ಉಬ್ಬಲೆ ಬರುವುದುಂಟು, ನಮ್ಮವರು ಕಳ್ಳಕ್ಕಡಲ್ ಎನ್ನುತ್ತಾರಲ್ಲ, ಅದನ್ನು ಬೇರೆಯಾಗಿ ಬರೆಯಿರಿ. ಅಳಿವೆ ದಾಟಿದ ಹೊತ್ತು, ಆಗ ಉಬ್ಬರವೋ ಇಳಿತವೋ ಎಂಬುದೂ ಬೇಕು.

ಪೆನ್ನಿನಲ್ಲಿ ಬರೆಯಿರಿ, ಆಗಿಂದಾಗಲೇ ಬರೆಯಿರಿ. ತಪ್ಪಿದರೆ ಒಂದು ಗೆರೆ ಎಳೆದು ತಾಂಡೇಲರ (ಬೋಟ್ ನಡೆಸುವವರ) ಸಹಿ ಹಾಕಿಸಿ, ಅಳಿಸಬೇಡಿ. ಬೋಟಿನಲ್ಲಿ ಯಾರು ಯಾರಿದ್ದಾರೆ, ಯಾವಾಗ ಮರಳುತ್ತೀರಿ ಎಂಬ ಪುಟದ ಫೋಟೊವನ್ನು ಹೊರಡುವ ಮುನ್ನ ದಡದಲ್ಲಿರುವ ಒಬ್ಬರ ಮೊಬೈಲ್‌ಗೆ ಕಳಿಸಿಬಿಡಿ.